ಸೀಸನ್ ಬಾಲಿನ ಭಯ, ಶಾಲೆಯ ಹೊರೆ: ಮುಂಬಯಿಯ ಎಳೆಯ ಕ್ರಿಕೆಟಿಗರಿಗೂ ಮನೆಯವರಿಗೂ ಹಂತ ಹಂತದ ಮಾರ್ಗದರ್ಶಿ

ಗಲ್ಲಿ ಕ್ರಿಕೆಟ್ಟಿನಲ್ಲಿ ಎಲ್ಲರನ್ನೂ ಚೆಂಡಿನ ಹಿಂದೆ ಓಡಿಸುವ ಹುಡುಗ, ನೆಟ್ಸ್‌ನಲ್ಲಿ (ಬಲೆ ಕಟ್ಟಿದ ಅಭ್ಯಾಸದ ಜಾಗದಲ್ಲಿ) ಸೀಸನ್ ಬಾಲ್, ಅಂದರೆ ಗಟ್ಟಿ ಚರ್ಮದ ಚೆಂಡು, ಎದುರಾದ ಕೂಡಲೇ ಹಿಂಗಾಲನ್ನು ಚೆಂಡಿನ ದಾರಿಯಿಂದ ದೂರಕ್ಕೆ, ಸ್ಕ್ವೇರ್ ಲೆಗ್ ಕಡೆಗೆ ಎಳೆದುಕೊಳ್ಳುತ್ತಾನೆ. ಪಕ್ಕೆಗೋ ಬೆರಳಿಗೋ ಒಮ್ಮೆ ಪೆಟ್ಟು ಬಿದ್ದರಂತೂ ಮರುವಾರ ಹೊಟ್ಟೆನೋವು, ಅದರ ಮರುವಾರ ಹೋಮ್‌ವರ್ಕ್ ಬಾಕಿ, ಆಮೇಲೆ ಕಿಟ್ ಬ್ಯಾಗ್ ಮಂಚದ ಕೆಳಗೆ ಸೇರುತ್ತದೆ. ಶಾಲಾ ತಂಡಗಳನ್ನು ನೋಡಿಕೊಳ್ಳುವ ನಮ್ಮಂಥವರ ಬಳಿಗೆ ತಂದೆತಾಯಂದಿರು ಬರುವುದು ಕಿಟ್ ಮಂಚದ ಕೆಳಗೆ ಹೋದ ಮೇಲೆಯೇ.

ಅಷ್ಟರಲ್ಲಿ ಮನೆಯಲ್ಲಿ ಎರಡು ಪ್ರಯೋಗ ಮುಗಿದಿರುತ್ತವೆ. ಒಂದು, ‘ಧೈರ್ಯ ಬರಲಿ’ ಎಂದು ತಂಡದ ಅತಿ ವೇಗದ ಬೌಲರನ ಕೈಯಿಂದಲೇ ಮಗುವಿಗೆ ಚೆಂಡು ಹಾಕಿಸಿರುತ್ತಾರೆ. ಎರಡು, ‘ಅಂಕ ಇಳಿದರೆ ಬ್ಯಾಟು ಕಪಾಟಿಗೆ’ ಎಂದು ಹೆದರಿಸಿರುತ್ತಾರೆ. ಮೊದಲನೆಯದು ಭಯವನ್ನು ಗಟ್ಟಿ ಮಾಡುತ್ತದೆ. ಎರಡನೆಯದು ಭಯಪಟ್ಟ ಮಗುವಿಗೆ ಆಟದಿಂದ ತಪ್ಪಿಸಿಕೊಳ್ಳಲು ಒಂದು ಮರ್ಯಾದಸ್ಥ ದಾರಿ ತೋರಿಸುತ್ತದೆ. ಕೆಲಸ ಕೆಡುವುದು ಮಗುವಿಗೆ ಧೈರ್ಯ ಕಡಿಮೆಯಾಗಿ ಅಲ್ಲ, ಹಂತಗಳ ಕ್ರಮ ತಪ್ಪಿ. ಕೊನೆಯಲ್ಲಿ ಬರಬೇಕಾದ ವೇಗದ ಬೌಲರನನ್ನು ಮೊದಲೇ ಕರೆದು, ಮೊದಲೇ ಆಗಬೇಕಾದ ನಿದ್ದೆಯ ಲೆಕ್ಕವನ್ನು ಕೊನೆಗೂ ಮಾಡುವುದಿಲ್ಲ.

ಕೆಳಗಿನ ಹಂತಗಳನ್ನು ಇದ್ದ ಅನುಕ್ರಮದಲ್ಲೇ ಮಾಡಿ. ಸುಮಾರು 10ರಿಂದ 16 ವರ್ಷದ ಹುಡುಗ ಹುಡುಗಿಯರಿಬ್ಬರಿಗೂ ಇದು ಅನ್ವಯಿಸುತ್ತದೆ.

ಮೊದಲು ಕೂಡಿಸಿಕೊಳ್ಳಬೇಕಾದದ್ದು

ಮೂರು ಬಗೆಯ ಚೆಂಡು ಬೇಕು: ಸಾಮಾನ್ಯ ಟೆನಿಸ್ ಚೆಂಡು, ಸ್ವಲ್ಪ ತೂಕದ ಹೆವಿ ಟೆನಿಸ್ ಅಥವಾ ಸಿಂಥೆಟಿಕ್ ಚೆಂಡು, ಮತ್ತು ವಯಸ್ಸಿಗೆ ತಕ್ಕ ಚರ್ಮದ ಚೆಂಡು. ಈ ಕೊನೆಯದರಲ್ಲಿ ಬಹಳ ಮಂದಿ ಎಡವುತ್ತಾರೆ. ದೊಡ್ಡವರ ಚೆಂಡು 155.9ರಿಂದ 163 ಗ್ರಾಂ ತೂಗುತ್ತದೆ. ಮಹಿಳೆಯರದು 140ರಿಂದ 151 ಗ್ರಾಂ. 13 ವರ್ಷದೊಳಗಿನವರಿಗೆ ಇರುವುದು 133ರಿಂದ 144 ಗ್ರಾಂನದು. ಟೆನಿಸ್ ಚೆಂಡಿನ ತೂಕ 60 ಗ್ರಾಂ ಕೂಡ ಇಲ್ಲ. ಗಲ್ಲಿಯಿಂದ ಬಂದ ಹನ್ನೊಂದರ ಹುಡುಗನ ಕೈಗೆ ನೇರವಾಗಿ ದೊಡ್ಡವರ ಚೆಂಡನ್ನು ಕೊಟ್ಟರೆ ಹೆಚ್ಚುಕಡಿಮೆ ಮೂರು ಪಟ್ಟು ಭಾರಕ್ಕೆ ಒಂದೇ ದಿನದಲ್ಲಿ ಹೊಂದಿಕೊಳ್ಳು ಎಂದ ಹಾಗಾಯಿತು.

ಇದರ ಜೊತೆಗೆ ಒಂದು ಮೊಬೈಲ್, ಚಾಕ್ ತುಂಡು, ನೂರು ಪುಟದ ನೋಟ್‌ಬುಕ್ಕು, ಮತ್ತು ಬೈಯದೆ ಚೆಂಡು ಎಸೆಯಬಲ್ಲ ಒಬ್ಬ ದೊಡ್ಡವರು. ಕೊನೆಯದು ಸಿಗುವುದೇ ಕಷ್ಟ. ಅಪ್ಪನ ಬಾಯಿ ಸುಮ್ಮನಿರದಿದ್ದರೆ ಮಾಮನೋ ಅಕ್ಕನೋ ಎಸೆಯಲಿ.

ಹಂತ 1: ಭಯ ಯಾವುದರದು ಎಂದು ಪತ್ತೆ ಮಾಡಿ

‘ಚೆಂಡಿಗೆ ಹೆದರುತ್ತಾನೆ’ ಎಂದು ಮನೆಯವರು ಹೇಳುವ ಮಾತನ್ನು ಪರೀಕ್ಷಿಸದೆ ಒಪ್ಪಬೇಡಿ. ಅದೇ ಮಗು ಔಟಾಗಿ ನಗೆಪಾಟಲಾಗುವುದಕ್ಕೆ ಹೆದರುತ್ತಿರಬಹುದು, ಅಪ್ಪ ಬೌಂಡರಿ ಗೆರೆಯಲ್ಲಿ ನಿಂತಿರುವುದಕ್ಕೆ ಹೆದರುತ್ತಿರಬಹುದು, ನಾಳಿನ ಯುನಿಟ್ ಟೆಸ್ಟಿಗೆ ಹೆದರುತ್ತಿರಬಹುದು, ಅಥವಾ ತರಬೇತುದಾರನಿಗೇ ಹೆದರುತ್ತಿರಬಹುದು.

‘ನಿನಗೆ ಯಾಕೆ ಹೆದರಿಕೆ?’ ಎಂದು ನೇರವಾಗಿ ಕೇಳಿದರೆ ‘ಹೆದರಿಕೆ ಇಲ್ಲ’ ಎಂಬ ಉತ್ತರ ಬರುತ್ತದೆ. ಅದರ ಬದಲು ಒಂದೊಂದೇ ಅಂಶ ಬದಲಿಸಿ ನೋಡಿ. ಪೂರ್ತಿ ಕಿಟ್ ಹಾಕಿಸಿ ಟೆನಿಸ್ ಚೆಂಡು ಎಸೆಯಿರಿ. ಕಾಲು ಸರಿಯದಿದ್ದರೆ ಭಯ ಚರ್ಮದ ಚೆಂಡಿನದೇ. ಟೆನಿಸ್ ಚೆಂಡಿಗೂ ಕಾಲು ಸರಿದರೆ, ನೋಡುವವರನ್ನೆಲ್ಲ ದೂರ ಕಳುಹಿಸಿ ಮತ್ತೆ ಎಸೆಯಿರಿ. ಆಗ ನಿಂತು ಆಡಿದರೆ ಭಯ ಜನರದು. ಶಾಲೆಗೆ ರಜೆ ಇರುವ ವಾರದಲ್ಲಿ ಚೆನ್ನಾಗಿ ಆಡಿ, ಪರೀಕ್ಷೆಯ ವಾರದಲ್ಲಿ ಮಾತ್ರ ಸರಿಯುವ ಮಗುವಿಗೆ ಹಂತ 4ರಲ್ಲಿ ಹೆಚ್ಚು ಕೆಲಸವಿದೆ, ಹಂತ 5ರಲ್ಲಿ ಕಡಿಮೆ.

ಬೌಲರನ ಹಿಂದಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ, ನಿಧಾನಗತಿಯಲ್ಲಿ ನೋಡಿ. ಮುಖ ನೋಡಬೇಡಿ, ಹಿಂಗಾಲಿನ ಹಿಮ್ಮಡಿ ನೋಡಿ. ಬೌಲರನ ಕೈಯಿಂದ ಚೆಂಡು ಬಿಡುಗಡೆಯಾಗುವ ಮೊದಲೇ ಹಿಮ್ಮಡಿ ಸರಿದಿದ್ದರೆ ಅದು ಭಯ. ಚೆಂಡು ಪುಟಿದ ಮೇಲೆ ಸರಿದಿದ್ದರೆ ತಂತ್ರದ ದೋಷವಿರಬಹುದು. ಕೆಳಗಿನ ಕೈ ಹಿಡಿಯನ್ನು ಬಿಗಿಯಾಗಿ ಅದುಮಿರುವುದು, ಗದ್ದ ಪಕ್ಕಕ್ಕೆ ತಿರುಗುವುದು, ಚೆಂಡು ತಾಗುವ ಕ್ಷಣಕ್ಕೆ ರೆಪ್ಪೆ ಮುಚ್ಚುವುದು ಭಯದ ಇತರ ಗುರುತುಗಳು. ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡು ಬೌಲಿಂಗ್ ಗೆರೆಯಿಂದ ಬ್ಯಾಟ್ಸ್‌ಮನ್‌ನ ಗೆರೆಗೆ ಬರಲು ಮುಕ್ಕಾಲು ಸೆಕೆಂಡೂ ಬೇಕಿಲ್ಲ. ಅಷ್ಟರಲ್ಲಿ ಒಮ್ಮೆ ರೆಪ್ಪೆ ಬಡಿದರೂ ದೊಡ್ಡ ಭಾಗ ನಷ್ಟ.

ಈ ವಿಡಿಯೊವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಊರಿನ ದೊಡ್ಡಪ್ಪನ ಒಂದು ನಗುವ ಚಿಹ್ನೆ ಸಾಕು, ಮೊದಲ ಹಂತಕ್ಕೇ ಮರಳಬೇಕಾಗುತ್ತದೆ.

ಹಂತ 2: ಪೆಟ್ಟು ನಿಜಕ್ಕೂ ವಾಸಿಯಾಗಿದೆಯೇ ಎಂದು ನೋಡಿ

ನೋವು ಉಳಿದಿರುವಾಗ ಭಯ ಬಿಡಿಸಲು ಹೊರಡುವುದು ದಡ್ಡತನ. ಊದಿಕೊಂಡ ಬೆರಳು ಪೂರ್ತಿ ಮಡಚದಿದ್ದರೆ, ಉಸಿರು ಎಳೆದಾಗ ಪಕ್ಕೆ ನೋಯುತ್ತಿದ್ದರೆ ಮೊದಲು ವೈದ್ಯರು, ಆಮೇಲೆ ಮೈದಾನ.

ತಲೆಗೆ ಬಿದ್ದ ಪೆಟ್ಟಿನ ನಿಯಮವೇ ಬೇರೆ. ಹೆಲ್ಮೆಟ್ ಇದ್ದರೂ ಮಿದುಳು ಅಲುಗಿರಬಹುದು. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಇವುಗಳಲ್ಲಿ ಒಂದಿದ್ದರೂ ಆ ದಿನದ ಆಟ ಮುಗಿಯಿತು. ಮಗು ‘ಸರಿಯಾಗಿದ್ದೇನೆ ಸರ್’ ಎಂದರೂ ಒಳಗೆ ಬಿಡಬೇಡಿ. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಾ ಹೋದರೆ, ಎರಡೆರಡಾಗಿ ಕಂಡರೆ, ಫಿಟ್ಸ್ ಬಂದರೆ, ಎಬ್ಬಿಸಲು ಕಷ್ಟವಾಗುವಷ್ಟು ತೂಕಡಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಂಬ್ಯುಲೆನ್ಸ್ ಸಂಖ್ಯೆ 108. ಟೆಸ್ಟ್ ಪಂದ್ಯಗಳಲ್ಲೇ 2019ರಿಂದ, ತಲೆಗೆ ಪೆಟ್ಟು ಬಿದ್ದು ಮಂಕಾದವನ ಜಾಗದಲ್ಲಿ ಬೇರೊಬ್ಬನನ್ನು ಆಡಿಸುವ ನಿಯಮವಿದೆ. ಎಂಟನೇ ತರಗತಿಯ ಮಗು ‘ತಂಡಕ್ಕಾಗಿ’ ಆಡುತ್ತಲೇ ಇರಬೇಕಾದ ಅಗತ್ಯ ಯಾವ ಶೀಲ್ಡ್ ಪಂದ್ಯಾವಳಿಗೂ ಇಲ್ಲ.

ಮರಳುವಾಗ ಶಾಲೆ ಮೊದಲು, ಆಟ ನಂತರ. ತರಗತಿಯಲ್ಲಿ ಕೂತು ಬೋರ್ಡ್ ಓದಿದರೆ ತಲೆ ನೋಯುವ ಮಗುವನ್ನು ನೆಟ್ಸ್‌ಗೆ ಕಳುಹಿಸಲಾಗದು. ಪೂರ್ತಿ ದಿನದ ಶಾಲೆ ತಡೆದುಕೊಂಡ ಮೇಲೆ ನಡಿಗೆ, ಆಮೇಲೆ ಓಟ, ಕೊನೆಯಲ್ಲಿ ವೈದ್ಯರು ಒಪ್ಪಿದ ಮೇಲಷ್ಟೇ ಗಟ್ಟಿ ಚೆಂಡು.

ಹಂತ 3: ಕಿಟ್ ಮೈಗೆ ಹೊಂದಲಿ

ಅಣ್ಣನ ಪ್ಯಾಡು, ಪಕ್ಕದ ಮನೆಯವರ ಹೆಲ್ಮೆಟ್ಟು, ‘ಬೆಳೆಯುವ ಹುಡುಗ, ಎರಡು ವರ್ಷ ಬರಲಿ’ ಎಂದು ತಂದ ಬ್ಯಾಟು. ಭಯದ ಅರ್ಧ ಪಾಲು ಇಲ್ಲೇ ಇರುತ್ತದೆ. ಧೋಬಿ ತಲಾವ್‌ನ ಕ್ರೀಡಾ ಸಾಮಗ್ರಿ ಅಂಗಡಿಗಳಿಗೆ ಹೋಗುವುದಾದರೆ ಮಗುವನ್ನು ಕರೆದುಕೊಂಡೇ ಹೋಗಿ, ಅಳತೆ ಅಲ್ಲೇ ನೋಡಿ.

ಹೆಲ್ಮೆಟ್ಟಿನ ಅಂಚು ಹುಬ್ಬಿನಿಂದ ಒಂದು ಬೆರಳು ಮೇಲಿರಬೇಕು. ಗದ್ದದ ಪಟ್ಟಿ ಬಿಗಿದು ತಲೆ ಜೋರಾಗಿ ಅಲುಗಿಸಿದರೂ ಹೆಲ್ಮೆಟ್ ತಿರುಗಬಾರದು. ಆಮೇಲೆ ಮಗು ಆಡುವ ಚೆಂಡನ್ನೇ ತೆಗೆದುಕೊಂಡು ಮುಂಚಾಚು ಮತ್ತು ಜಾಲರಿಯ ನಡುವಿನ ಸಂದಿನಲ್ಲಿ ಒತ್ತಿ. ಚೆಂಡು ಒಳಗೆ ತೂರಿದರೆ ಆ ಹೆಲ್ಮೆಟ್ ಬೇಡ. ಇದನ್ನು ಮಗುವಿನ ಎದುರಿಗೇ, ಅದರ ಕೈಯಿಂದಲೇ ಮಾಡಿಸಿ. ಚೆಂಡು ಒಳಗೆ ಬರಲಾರದು ಎಂದು ಹತ್ತು ಸಲ ಹೇಳುವುದಕ್ಕಿಂತ ಒಮ್ಮೆ ಒತ್ತಿ ನೋಡುವುದು ಹೆಚ್ಚು ನಂಬಿಕೆ ತರುತ್ತದೆ. ಕತ್ತಿನ ಹಿಂಭಾಗದ ರಕ್ಷಾಕವಚವನ್ನೂ ಹಾಕಿಸಿ. ಭಯಪಟ್ಟವರು ಮುಖ ತಿರುಗಿಸುತ್ತಾರೆ, ಆಗ ಪೆಟ್ಟು ಬೀಳುವುದು ಅಲ್ಲಿಗೇ. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ಟನ್ನು, ಬಿರುಕು ಕಾಣದಿದ್ದರೂ, ಬದಲಿಸಿ.

ಪ್ಯಾಡಿನ ಮಂಡಿಯ ಉಬ್ಬಿನ ನಡುವೆ ಮಗುವಿನ ಮಂಡಿಚಿಪ್ಪು ಕೂರಬೇಕು. ತೊಡೆಯ ಪ್ಯಾಡ್, ಹುಡುಗರಿಗೆ ಗಾರ್ಡ್ (ತೊಡೆಸಂದಿನ ಕವಚ), ಹುಡುಗಿಯರಿಗೆ ಎದೆಯ ಕವಚ ಕಡ್ಡಾಯ. ಮೇಲಿನ ಕೈಯೊಂದರಲ್ಲೇ ಬ್ಯಾಟನ್ನು ಮುಂದಕ್ಕೆ ಚಾಚಿ ನಿಲ್ಲಲಾಗದೆ ತೋಳು ನಡುಗಿದರೆ ಬ್ಯಾಟ್ ಭಾರವಾಯಿತು. ಭಾರದ ಬ್ಯಾಟು ತಡವಾಗಿ ಬರುತ್ತದೆ, ತಡವಾದ ಬ್ಯಾಟಿನಿಂದ ಬೆರಳು ಜಜ್ಜುತ್ತದೆ.

ಹಂತ 4: ವಾರವನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಹಂತ 5ರಲ್ಲಿ ಬರುವ ಅಭ್ಯಾಸದ ಮೆಟ್ಟಿಲುಗಳನ್ನು ಹತ್ತುವ ಮುಂಚೆ ಇದು ಆಗಲೇಬೇಕು. ಐದು ತಾಸು ಮಲಗಿದ ಮಗುವಿಗೆ ಚೆಂಡು ತಡವಾಗಿ ಕಾಣುತ್ತದೆ, ತಡವಾಗಿ ಕಂಡ ಚೆಂಡು ಮೈಗೆ ಬರುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು, ಅದಕ್ಕಿಂತ ಚಿಕ್ಕ ಶಾಲಾ ಮಕ್ಕಳಿಗೆ 9ರಿಂದ 12 ತಾಸು. ಆದ್ದರಿಂದ ಹಾಳೆಯ ಮೇಲೆ ಮೊದಲು ನಿದ್ದೆ ಬರೆಯಿರಿ. ಎರಡನೆಯದಾಗಿ ಶಾಲೆ, ಮೂರನೆಯದಾಗಿ ಪ್ರಯಾಣ, ನಾಲ್ಕನೆಯದಾಗಿ ಓದು. ಉಳಿದದ್ದು ಆಟಕ್ಕೆ. ಬಹುತೇಕ ಮನೆಗಳಲ್ಲಿ ಈ ಪಟ್ಟಿ ತಲೆಕೆಳಗಾಗಿರುತ್ತದೆ: ಅಕಾಡೆಮಿಯ ಸಮಯ, ಸಂಜೆಯ ಟ್ಯೂಷನ್ ಕ್ಲಾಸಿನ ಸಮಯ ಬರೆದು, ಮಿಕ್ಕಿದ್ದು ನಿದ್ದೆಗೆ.

ಮುಂಬಯಿಯ ಶಾಲೆಗಳಲ್ಲಿ ಬಹಳಷ್ಟು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಗಿನ ಪಾಳಿಯ ಮಗು ಏಳಕ್ಕೆ ತರಗತಿಯಲ್ಲಿರಬೇಕು, ಅದಕ್ಕೆ ಅಭ್ಯಾಸ ಸಂಜೆ. ಮಧ್ಯಾಹ್ನದ ಪಾಳಿಯ ಮಗುವಿಗೆ ಬೆಳಗ್ಗೆ ಮೈದಾನ. ಒಂದೇ ವಠಾರದ ಇಬ್ಬರು ಮಕ್ಕಳು ಬೇರೆ ಬೇರೆ ಪಾಳಿಯಲ್ಲಿದ್ದರೆ ಒಂದೇ ವೇಳಾಪಟ್ಟಿ ಇಬ್ಬರಿಗೂ ಹೊಂದದು. ‘ಶೆಟ್ಟರ ಮಗ ಎರಡೂ ಹೊತ್ತು ಆಡುತ್ತಾನಲ್ಲ’ ಎಂಬ ಹೋಲಿಕೆ ಇಲ್ಲಿ ಕೆಲಸಕ್ಕೆ ಬಾರದು.

ಪ್ರಯಾಣವನ್ನು ಪ್ರಾಮಾಣಿಕವಾಗಿ ಬರೆಯಿರಿ. ದೂರದ ಡೊಂಬಿವಲಿಯಿಂದ ರೈಲಿನಲ್ಲಿ ಸಿಎಸ್‌ಎಂಟಿ ನಿಲ್ದಾಣಕ್ಕೆ ಬಂದು ಆಜಾದ್ ಮೈದಾನಕ್ಕೆ ನಡೆಯುವವರಿಗೆ ಹೋಗಿಬರಲು ಎರಡು ತಾಸಿಗೂ ಹೆಚ್ಚು ಬೇಕು, ಅದೂ ಬೆನ್ನಿಗೆ ಕಿಟ್ ಬ್ಯಾಗ್ ಹೊತ್ತು. ಇಷ್ಟು ದೂರದವರು ವಾರದ ದಿನಗಳಲ್ಲಿ ಮನೆಯ ಹತ್ತಿರದ ನೆಟ್ಸ್‌ನಲ್ಲಿ ಆಡಿ, ದೂರದ ಮೈದಾನವನ್ನು ಶನಿವಾರ ಭಾನುವಾರಕ್ಕೆ ಇಡುವುದೇ ಮೇಲು. ಹೆಸರುವಾಸಿ ಮೈದಾನದ ಮಣ್ಣು ತುಳಿದ ಮಾತ್ರಕ್ಕೆ ಯಾರ ಫುಟ್‌ವರ್ಕೂ ಸರಿಯಾಗಿದ್ದನ್ನು ನಾನು ಕಂಡಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಕಿಟ್ ಹೊತ್ತವರು ಲಗೇಜ್ ಡಬ್ಬಿ ಹಿಡಿಯುವುದು ರೂಢಿ. ಮೊದಲ ಕೆಲವು ದಿನ ದೊಡ್ಡವರೊಬ್ಬರು ಜೊತೆಗಿರಲಿ. ಬಾಗಿಲಲ್ಲಿ ನೇತಾಡುವುದಕ್ಕೆ ಹೆದರುವ ಮಗುವಿನ ಭಯವನ್ನು ಮಾತ್ರ ದಯವಿಟ್ಟು ಬಿಡಿಸಬೇಡಿ.

ಓದಿಗೆ ಎರಡು ನಿಯಮ ಸಾಕು. ತಪ್ಪಿಹೋದ ಪಾಠವನ್ನು ಎರಡು ದಿನದೊಳಗೆ ತುಂಬಿಕೊಳ್ಳಬೇಕು, ಗಣಿತ ವಿಜ್ಞಾನ ಮೊದಲು. ಇತಿಹಾಸದ ಒಂದು ಪಾಠ ಬಿಟ್ಟರೆ ಮುಂದಿನದು ಅರ್ಥವಾಗುತ್ತದೆ, ಬೀಜಗಣಿತದಲ್ಲಿ ಆಗುವುದಿಲ್ಲ. ಎರಡನೆಯದು, ಅಭ್ಯಾಸ ಮುಗಿಸಿ ಬಂದ ಕೂಡಲೇ ಹೊಸ ಪಾಠ ತೆರೆಯಬಾರದು. ಸ್ನಾನ, ಊಟ, ಆಮೇಲೆ ಬರೆಯುವ ಕೆಲಸ: ಲೆಕ್ಕ ಬಿಡಿಸುವುದು, ನಕ್ಷೆ ತುಂಬುವುದು. ಬಾಯಿಪಾಠ, ಹೊಸ ಪಾಠಗಳೆಲ್ಲ ಮೈ ತಾಜಾ ಇರುವ ಹೊತ್ತಿಗೆ. ಲೋಕಲ್ ರೈಲಿನಲ್ಲಿ ಪುಸ್ತಕ ಬಿಡಿಸುವ ಜಾಗ ಎಲ್ಲಿದೆ? ಹಿಂದಿನ ದಿನ ಓದಿದ್ದನ್ನು ಮನಸ್ಸಿನಲ್ಲೇ ನೆನಪಿಸಿಕೊಳ್ಳುವುದು ಮಾತ್ರ ನಿಂತುಕೊಂಡೂ ಆಗುತ್ತದೆ.

ವಾರದಲ್ಲಿ ಒಂದು ದಿನ ಆಟವೂ ಕ್ಲಾಸೂ ಎರಡೂ ಇಲ್ಲದಂತೆ ನೋಡಿಕೊಳ್ಳಿ. ಹಾಳೆಯಲ್ಲಿ ಆ ದಿನ ಉಳಿಯದಿದ್ದರೆ ಏನನ್ನೋ ಕಿತ್ತುಹಾಕಲೇಬೇಕು. ನನ್ನ ಅನುಭವದಲ್ಲಿ ಕಿತ್ತುಹಾಕಬೇಕಾದದ್ದು ಸಾಮಾನ್ಯವಾಗಿ ಎರಡನೆಯ ಕ್ಲಾಸು.

ಹಂತ 5: ಮೆಟ್ಟಿಲು ಹತ್ತಿಸಿ

ಮಾರ್ಗದರ್ಶಿಯ ತಿರುಳು ಇದು. ನೋಟ್‌ಬುಕ್ಕಿನಲ್ಲಿ ಕೆಳಗಿನ ಮೆಟ್ಟಿಲುಗಳನ್ನು ಮಗುವೇ ಬರೆಯಲಿ, ಪ್ರತಿಯೊಂದರ ಮುಂದೆ 0ರಿಂದ 10ರವರೆಗೆ ತನ್ನ ಭಯದ ಅಂಕ ಹಾಕಲಿ.

1. ಬರಿಗೈಯಲ್ಲಿ ಚರ್ಮದ ಚೆಂಡು ಹಿಡಿದು ತಿರುಗಿಸುವುದು, ಮೇಲೆ ಎಸೆದು ಹಿಡಿಯುವುದು. ನೆಲದಲ್ಲಿ ಉರುಳಿ ಬಂದದ್ದನ್ನು ತಡೆಯುವುದು, ಐದಾರು ಮೀಟರಿನಿಂದ ಮೆತ್ತಗೆ ಎಸೆದದ್ದನ್ನು ಕ್ಯಾಚ್ ಹಿಡಿಯುವುದು.
2. ಪೂರ್ತಿ ಕಿಟ್ ಹಾಕಿ ಟೆನಿಸ್ ಚೆಂಡು ಆಡುವುದು.
3. ಟೆನಿಸ್ ಚೆಂಡನ್ನು ಬೇಕೆಂದೇ ಮೈಮೇಲೆ ಎಸೆಯುವುದು. ಆಡಬಾರದು, ಕಣ್ಣು ತೆಗೆಯದೆ ತಪ್ಪಿಸಿಕೊಳ್ಳಬೇಕು.
4. ಹೆವಿ ಟೆನಿಸ್ ಅಥವಾ ಸಿಂಥೆಟಿಕ್ ಚೆಂಡು, ಥ್ರೋಡೌನ್ (ಬೌಲ್ ಮಾಡದೆ ಹತ್ತಿರದಿಂದ ಕೈಯಲ್ಲಿ ಎಸೆಯುವುದು).
5. ಚರ್ಮದ ಚೆಂಡು, ಎಂಟು ಹತ್ತು ಮೀಟರಿನಿಂದ ಅಂಡರ್‌ಆರ್ಮ್ (ಕೈ ಕೆಳಗಿನಿಂದ ಎಸೆತ), ಪುಟಿಯದಂತೆ.
6. ಚರ್ಮದ ಚೆಂಡು, ಓವರ್‌ಆರ್ಮ್ (ಕೈ ಮೇಲೆತ್ತಿ) ಥ್ರೋಡೌನ್, ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಿ.
7. ಅದೇ, ಹೇಳದೆ.
8. ನೆಟ್ಸ್‌ನಲ್ಲಿ ಸ್ಪಿನ್ನರ್.
9. ಪರಿಚಯದ ಮಧ್ಯಮ ವೇಗಿ.
10. ತಂಡದ ವೇಗಿ.

ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಚೆಂಡು ಸಾಕು. ಆಡಿದ ಮೇಲೆ ಭಯದ ಅಂಕ ಮತ್ತೆ ಕೇಳಿ. ಏಳಿದ್ದದ್ದು ಎರಡು ಮೂರಕ್ಕೆ ಇಳಿದು, ಇನ್ನೊಂದು ದಿನ ಬಂದಾಗಲೂ ಅಲ್ಲೇ ಇದ್ದರೆ ಮಾತ್ರ ಮುಂದಿನ ಮೆಟ್ಟಿಲು. ಒಂದೇ ಸಂಜೆ ನಾಲ್ಕು ಮೆಟ್ಟಿಲು ಹತ್ತಿಸುವ ಉತ್ಸಾಹ ಬೇಡ. ಅಂಕ ಇಳಿಯುವ ಮುಂಚೆಯೇ ‘ಇವತ್ತಿಗೆ ಸಾಕು’ ಎಂದು ಬಿಡಿಸಿಕೊಂಡು ಹೋಗುವುದು ಅದಕ್ಕಿಂತ ದೊಡ್ಡ ತಪ್ಪು. ಭಯ ಏರಿದ ಹೊತ್ತಿನಲ್ಲಿ ಹೊರಗೆ ಕರೆದರೆ, ಓಡಿಹೋದದ್ದರಿಂದಲೇ ಬಚಾವಾದೆ ಎಂಬ ಪಾಠ ಮಗುವಿನ ಮೈಯೊಳಗೆ ಕೂರುತ್ತದೆ. ಅಂಕ ಇಳಿಯದಿದ್ದರೆ ವೇಗ ಇಳಿಸಿ, ಅದೇ ಮೆಟ್ಟಿಲಿನಲ್ಲಿ ಮುಗಿಸಿ.

ಮೊದಲ ಮೆಟ್ಟಿಲನ್ನು ‘ಇದೇನು ಮಕ್ಕಳಾಟ’ ಎಂದು ಹಾರಬೇಡಿ. ಕೈಯಲ್ಲಿ ಹಿಡಿದು ಹಿಡಿದು ಚೆಂಡಿನ ತೂಕ, ಹೊಲಿಗೆಯ ಉಬ್ಬು ಪರಿಚಯವಾದ ಮಗು ಬ್ಯಾಟ್ ಹಿಡಿದಾಗಲೂ ಕಡಿಮೆ ಬೆಚ್ಚುತ್ತದೆ. ಫೀಲ್ಡಿಂಗ್‌ನಲ್ಲಿ ಬಂದ ನಂಬಿಕೆ ಬ್ಯಾಟಿಂಗ್‌ಗೂ ಬರುತ್ತದೆ.

ಹೆಚ್ಚು ಮಂದಿ ಬಿಟ್ಟುಬಿಡುವುದು ಮೂರನೆಯದನ್ನು. ಮಗುವಿಗೆ ಹೊಡೆಯಲು ಕಲಿಸಿರುತ್ತೇವೆ, ತಪ್ಪಿಸಿಕೊಳ್ಳಲು ಕಲಿಸಿರುವುದಿಲ್ಲ. ದೇಹಕ್ಕೆ ಬಂದ ಚೆಂಡಿನ ಎದುರು ಕೈ ಕೆಳಗಿಳಿಸಿ, ಮಂಡಿ ಸಡಿಲಿಸಿ, ಸೊಂಟದಿಂದ ಹಿಂದಕ್ಕೆ ಬಾಗಬೇಕು, ಇಲ್ಲವೇ ಕುಗ್ಗಬೇಕು. ಕಣ್ಣು ಮಾತ್ರ ಚೆಂಡು ಕೀಪರನ ಕೈ ಸೇರುವವರೆಗೂ ಅದರ ಮೇಲೇ ಇರಬೇಕು. ಚೆಂಡಿನ ಮೇಲೆ ದಪ್ಪ ಮಾರ್ಕರಿನಲ್ಲಿ ಅಂಕಿ ಬರೆದು, ತಪ್ಪಿಸಿಕೊಂಡ ಮೇಲೆ ‘ಯಾವ ಅಂಕಿ?’ ಎಂದು ಕೇಳಿ. ಮುಖ ತಿರುಗಿಸಿದವರಿಗೆ ಉತ್ತರ ಗೊತ್ತಿರುವುದಿಲ್ಲ. ಇದು ಆಟವಾಗುತ್ತದೆ, ನಗು ಬರುತ್ತದೆ, ಗದ್ದ ತಾನಾಗಿ ನೆಟ್ಟಗಾಗುತ್ತದೆ.

ಐದನೆಯ ಮೆಟ್ಟಿಲಿನಿಂದ ಹಿಂಗಾಲಿನ ಹಿಮ್ಮಡಿಯ ಹಿಂದೆ ಲೆಗ್ ಸೈಡಿಗೆ (ಬೆನ್ನಿನ ಕಡೆಗೆ) ಚಾಕಿನಿಂದ ಗೆರೆ ಎಳೆಯಿರಿ. ಕೆಲವರು ಅಲ್ಲಿ ಸ್ಟಂಪನ್ನೋ ಇಟ್ಟಿಗೆಯನ್ನೋ ಇಡುತ್ತಾರೆ. ಕಾಲು ತಾಗಿ ಬಿದ್ದರೆ ಹೊಸದೊಂದು ಭಯ ಸೇರಿಕೊಳ್ಳುತ್ತದೆ, ಆದ್ದರಿಂದ ಗೆರೆಯೇ ಸಾಕು. ಪ್ರತಿ ಚೆಂಡಿನ ನಂತರ ಮಗು ತಾನೇ ಕೆಳಗೆ ನೋಡಿ ‘ದಾಟಿತು’ ಅಥವಾ ‘ದಾಟಲಿಲ್ಲ’ ಎಂದು ಹೇಳಲಿ. ನೀವು ಹೇಳಬೇಡಿ. ಚೆಂಡು ಬ್ಯಾಟಿಗೆ ತಾಗಿತೇ ಇಲ್ಲವೇ ಎಂಬುದು ಈ ದಿನಗಳಲ್ಲಿ ಲೆಕ್ಕಕ್ಕಿಲ್ಲ.

ಮಳೆಗಾಲದಲ್ಲಿ ಮೈದಾನ ಸಿಗುವುದಿಲ್ಲ, ಸಿಕ್ಕರೂ ಒದ್ದೆ ನೆಲದಲ್ಲಿ ಚೆಂಡು ಹೇಗೆ ಪುಟಿಯುತ್ತದೆ ಎಂದು ಹೇಳಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಾಂಗಣ ನೆಟ್ಸ್‌ನಲ್ಲೋ ಕಟ್ಟಡದ ಪಾರ್ಕಿಂಗ್‌ನಲ್ಲೋ ಮೊದಲ ನಾಲ್ಕು ಮೆಟ್ಟಿಲು ಮುಗಿಸಿಕೊಳ್ಳುವುದು ಜಾಣತನ. ಪಾರ್ಕಿಂಗ್‌ಗೆ ಸೊಸೈಟಿಯ ಕಾರ್ಯದರ್ಶಿಯ ಒಪ್ಪಿಗೆ ಪಡೆಯಿರಿ. ಅವರ ಕಾರಿನ ಗಾಜು ಒಡೆದರೆ ಅದರ ಭಯ ಬಿಡಿಸುವ ಮೆಟ್ಟಿಲು ನನ್ನ ಬಳಿ ಇಲ್ಲ.

ಹಂತ 6: ಮತ್ತೆ ಪೆಟ್ಟು ಬಿದ್ದ ದಿನ

ಬೀಳುತ್ತದೆ. ಬೀಳುವುದಿಲ್ಲ ಎಂದು ಮಾತು ಕೊಡಬೇಡಿ.

ತಲೆಯ ಪೆಟ್ಟಾದರೆ ಹಂತ 2. ತೊಡೆ, ತೋಳಿನ ಪೆಟ್ಟಾಗಿ ವಿಶೇಷವೇನೂ ಆಗಿಲ್ಲದಿದ್ದರೆ ಐಸ್ ಇಟ್ಟು, ನೀರು ಕುಡಿಸಿ, ನೋವು ಇಳಿದ ಮೇಲೆ ಒಂದು ಮೆಟ್ಟಿಲು ಕೆಳಗಿಳಿದು ಅದೇ ದಿನ ಹತ್ತು ಚೆಂಡು ಆಡಿಸಿ. ಪೆಟ್ಟಿನ ಚೆಂಡೇ ಆ ದಿನದ ಕೊನೆಯ ಚೆಂಡಾಗಬಾರದು. ಅದೇ ಬೌಲರ್, ಅದೇ ವೇಗಕ್ಕೆ ಕೂಡಲೇ ನಿಲ್ಲಿಸುವುದೂ ಬೇಡ. ‘ಗಂಡಸಾಗು’, ‘ಇಷ್ಟಕ್ಕೆಲ್ಲ ಅಳುವುದೇ’ ಎಂಬ ಮಾತು ಬಂದ ದಿನದಿಂದ ಮಗು ನೋವನ್ನು ಮುಚ್ಚಿಡಲು ಕಲಿಯುತ್ತದೆ, ಆಮೇಲೆ ಮುರಿದ ಬೆರಳೂ ಗೊತ್ತಾಗುವುದಿಲ್ಲ. ಮನೆಗೆ ಬಂದಾಗ ಅಮ್ಮ ‘ಇನ್ನು ಸಾಕು ಈ ಆಟ’ ಎಂದರೂ ಕೆಲಸ ಕೆಟ್ಟಿತು. ಕಪ್ಪುಗಟ್ಟಿದ ಜಾಗ ನೋಡಿ, ‘ನೋಯುತ್ತಿದೆಯಾ ಮಗಾ, ಊಟ ಮಾಡು’ ಎಂದರೆ ಆ ರಾತ್ರಿಗೆ ಅಷ್ಟು ಸಾಕು.

ಹಂತ 7: ಶಾಲೆಯ ಜೊತೆ ಮೊದಲೇ ಮಾತಾಡಿ

ಮುಂಬಯಿಯ ಶಾಲಾ ಕ್ರಿಕೆಟ್ಟಿನಲ್ಲಿ 14 ವರ್ಷದೊಳಗಿನವರ ಗೈಲ್ಸ್ ಶೀಲ್ಡ್, 16 ವರ್ಷದೊಳಗಿನವರ ಹ್ಯಾರಿಸ್ ಶೀಲ್ಡ್ ದೊಡ್ಡ ಸ್ಪರ್ಧೆಗಳು. ಪಂದ್ಯಗಳು ದಿನಗಟ್ಟಲೆ ನಡೆಯುತ್ತವೆ, ಶಾಲೆ ತಪ್ಪುತ್ತದೆ. ಪಂದ್ಯದ ಹಿಂದಿನ ದಿನ ರಜಾ ಚೀಟಿ ಹಿಡಿದು ಹೋದರೆ ತರಗತಿ ಶಿಕ್ಷಕರ ಮುಖ ಗಂಟಾಗುವುದು ಸಹಜ.

ವರ್ಷದ ಆರಂಭದಲ್ಲೇ ಪರೀಕ್ಷೆಯ ದಿನಾಂಕ, ಪಂದ್ಯಗಳ ಅಂದಾಜು ದಿನಾಂಕ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಎರಡು ಬಣ್ಣದಲ್ಲಿ ಗುರುತು ಮಾಡಿ, ಮುಖ್ಯೋಪಾಧ್ಯಾಯರಿಗೆ ಪತ್ರ ಕೊಡಿ. ಪತ್ರದಲ್ಲಿ ನಾಲ್ಕು ಸಂಗತಿ ಇರಲಿ: ಮಗು ಯಾವ ಸ್ಪರ್ಧೆಯಲ್ಲಿ ಆಡುತ್ತದೆ, ಅಂದಾಜು ಎಷ್ಟು ದಿನ ತಪ್ಪಬಹುದು, ತಪ್ಪಿದ ಪಾಠವನ್ನು ಯಾರಿಂದ ಹೇಗೆ ತುಂಬಿಕೊಳ್ಳುತ್ತದೆ, ತಪ್ಪಿದ ಯುನಿಟ್ ಟೆಸ್ಟನ್ನು ಬೇರೆ ದಿನ ಬರೆಯಲು ಅವಕಾಶ ಸಿಗಬಹುದೇ. ಮೂರನೆಯದನ್ನು ಬರೆಯದ ಪತ್ರ ಬರೀ ರಜಾ ಅರ್ಜಿ. ಟಿಪ್ಪಣಿಯ ಫೋಟೊ ಕಳುಹಿಸಲು ತರಗತಿಯ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಗೊತ್ತು ಮಾಡಿ, ಅವರ ಹೆಸರನ್ನೂ ಬರೆಯಿರಿ. ಹಾಜರಾತಿಯ ಶೇ. 75ರ ಗೆರೆಯನ್ನು ತಿಂಗಳಿಗೊಮ್ಮೆ ಲೆಕ್ಕ ಹಾಕಿ ನೋಡಿ.

ರಾಜ್ಯ ಮಂಡಳಿಯ ಹತ್ತನೇ ಪರೀಕ್ಷೆಯಲ್ಲಿ ಮಾನ್ಯತೆ ಪಡೆದ ಸ್ಪರ್ಧೆಗಳಿಗೆ ಹೆಚ್ಚುವರಿ ಅಂಕ ಕೊಡುವ ಪದ್ಧತಿ ಇದೆ, ಅರ್ಜಿ ಹೋಗುವುದು ಶಾಲೆಯ ಮೂಲಕ. ಯಾವ ಪ್ರಮಾಣಪತ್ರ ಸಲ್ಲುತ್ತದೆ, ಕೊನೆಯ ದಿನ ಯಾವುದು ಎಂದು ದೀಪಾವಳಿ ರಜೆ ಮುಗಿದ ಕೂಡಲೇ ದೈಹಿಕ ಶಿಕ್ಷಕರನ್ನು ಕೇಳಿ. ಪ್ರಮಾಣಪತ್ರ ಸಿಕ್ಕ ದಿನವೇ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಶಾಲೆಯ ದಾಖಲೆಗೆ ಸರಿಹೊಂದುತ್ತವೆಯೇ ನೋಡಿ. ನಮ್ಮವರ ಹೆಸರಿನಲ್ಲಿ ಊರು, ಅಪ್ಪನ ಹೆಸರು, ಮನೆತನ ಹಿಂದುಮುಂದಾಗುವುದು ನಿತ್ಯದ ಕಥೆ. ಸಿಬಿಎಸ್‌ಇ ಮಕ್ಕಳಲ್ಲಿ ರಾಷ್ಟ್ರ, ಅಂತರರಾಷ್ಟ್ರ ಮಟ್ಟದಲ್ಲಿ ಆಡುವವರಿಗೆ ಬೋರ್ಡ್ ಪರೀಕ್ಷೆಯ ದಿನ ಅಡ್ಡ ಬಂದರೆ ಬೇರೆ ದಿನ ಬರೆಯುವ ಅವಕಾಶವಿದೆ. ಅದಕ್ಕೂ ಶಾಲೆಯ ಮೂಲಕವೇ ಮುಂಚಿತವಾಗಿ ಕೋರಬೇಕು.

ಹಂತ 8: ಪಂದ್ಯದ ದಿನ

ಹಿಂದಿನ ರಾತ್ರಿ ಹೊಸ ಸಲಹೆ ಬೇಡ. ಕಿಟ್ ಬ್ಯಾಗನ್ನು ಮಗುವೇ ತುಂಬಲಿ. ಆಟಕ್ಕೆ ಎರಡು ತಾಸು ಮೊದಲು ಅವಲಕ್ಕಿಯೋ ಇಡ್ಲಿಯೋ, ನಡುವೆ ಬಾಳೆಹಣ್ಣು, ನೀರು ಸ್ವಲ್ಪ ಸ್ವಲ್ಪವಾಗಿ. ವಡಾಪಾವ್ ಪಂದ್ಯ ಮುಗಿದ ಮೇಲೆ.

ಎರಡು ಚೆಂಡುಗಳ ನಡುವೆ ಮಾಡಬೇಕಾದದ್ದನ್ನು ಅಭ್ಯಾಸದಲ್ಲೇ ರೂಢಿಸಿರಬೇಕು: ಕ್ರೀಸಿನಿಂದ ಒಂದು ಹೆಜ್ಜೆ ಹೊರಗೆ, ಒಳಗೆಳೆದದ್ದಕ್ಕಿಂತ ನಿಧಾನವಾಗಿ ಒಂದು ಉಸಿರು ಹೊರಗೆ, ಕೆಳಗಿನ ಕೈಯ ಹಿಡಿತ ಸಡಿಲ, ಮರಳಿ ಗಾರ್ಡ್ (ಸ್ಟಂಪಿನ ಮುಂದೆ ಗುರುತು ಹಿಡಿದು ನಿಲ್ಲುವುದು), ಕಣ್ಣು ಬೌಲರನ ಕೈಯಲ್ಲಿರುವ ಚೆಂಡಿನ ಮೇಲೆ. ಇಷ್ಟೇ. ಎದೆ ಬಡಿದುಕೊಳ್ಳುವುದು ನಿಲ್ಲಬೇಕೆಂದು ಕಾಯಬೇಡ, ಬಡಿಯುತ್ತಿರುವಾಗಲೇ ಆಡಬಹುದು ಎಂದು ಮಗುವಿಗೆ ಹೇಳಿ.

ಆಜಾದ್ ಮೈದಾನದಲ್ಲಿ 22 ಪಿಚ್‌ಗಳಿವೆ, ಒಂದರ ಬೌಂಡರಿಯೊಳಗೆ ಇನ್ನೊಂದರ ಫೀಲ್ಡರ್ ನಿಂತಿರುತ್ತಾನೆ. ಪಕ್ಕದ ಪಂದ್ಯದ ಚೆಂಡು ಬೆನ್ನಿಗೆ ಬಂದು ಬೀಳಬಹುದು. ಸರದಿಗಾಗಿ ಕಾಯುವ ಮಕ್ಕಳು ಯಾವ ಪಿಚ್ಚಿಗೂ ಬೆನ್ನು ಹಾಕದಂತೆ ಕೂರಲಿ, ಯಾರಾದರೂ ಕೂಗಿದರೆ ತಿರುಗಿ ನೋಡುವ ಮೊದಲು ತಲೆಗೆ ಕೈ ಅಡ್ಡ ಹಿಡಿಯಲಿ.

ಮರಳುವ ರೈಲಿನಲ್ಲಿ ಇನಿಂಗ್ಸ್‌ನ ವಿಚಾರಣೆ ಬೇಡ. ಮಗುವೇ ಮಾತು ತೆಗೆದರೆ ಕೇಳಿಸಿಕೊಳ್ಳಿ.

ಎಲ್ಲ ನಿಲ್ಲಿಸಿ ನೆರವು ಕೇಳಬೇಕಾದ ಸೂಚನೆಗಳು

ಆಟವಿಲ್ಲದ ದಿನವೂ ನಿದ್ದೆ ಬಾರದಿರುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಮೊದಲು ಇಷ್ಟಪಟ್ಟದ್ದೆಲ್ಲ ಬೇಡವಾಗುವುದು ಎರಡು ವಾರ ಮುಂದುವರಿದರೆ ಅದು ಚೆಂಡಿನ ಭಯವಲ್ಲ. ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ‘ಸಾಯಬೇಕು’ ಎಂಬ ಮಾತು ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ಮಗುವನ್ನು ಒಂಟಿಯಾಗಿ ಬಿಡದೆ ಆ ದಿನವೇ ನೆರವು ಪಡೆಯಿರಿ.

ಒಬ್ಬ ನಿರ್ದಿಷ್ಟ ವ್ಯಕ್ತಿ ಇದ್ದಾಗ ಮಾತ್ರ ಮಗು ಬಿಳಿಚಿಕೊಳ್ಳುತ್ತಿದ್ದರೆ, ಅಭ್ಯಾಸದ ನಂತರ ಒಂಟಿಯಾಗಿ ಉಳಿಯಲು ಹೆದರುತ್ತಿದ್ದರೆ, ಕಾರಣ ಹೇಳದೆ ಆ ಒಂದು ಮೈದಾನಕ್ಕೆ ಮಾತ್ರ ಬೇಡವೆನ್ನುತ್ತಿದ್ದರೆ ಮೆಟ್ಟಿಲುಗಳನ್ನು ಮರೆತುಬಿಡಿ. ಮಗುವನ್ನು ಅಲ್ಲಿಂದ ತಕ್ಷಣ ಹೊರಗೆ ತನ್ನಿ, ಹೇಳಿದ್ದನ್ನು ನಂಬಿ. ಮಕ್ಕಳ ಸಹಾಯವಾಣಿ 1098. ‘ದೊಡ್ಡ ಕೋಚು, ಒಳ್ಳೆಯ ಹೆಸರು’ ಎಂದು ನಮ್ಮ ಜನ ಸುಮ್ಮನಾಗುವುದನ್ನು ನೋಡಿದ್ದೇನೆ. ಆ ಹೆಸರಿನ ಚಿಂತೆ ನಿಮ್ಮದಲ್ಲ.

ಹಂತ 9: ಪರೀಕ್ಷೆಯ ನಂತರ ಮರಳುವಾಗ

ಹತ್ತನೇ ತರಗತಿಯವರು ಪ್ರಿಲಿಮ್‌ನಿಂದ (ಬೋರ್ಡ್‌ಗೆ ಮುನ್ನ ಶಾಲೆಯೇ ನಡೆಸುವ ಪರೀಕ್ಷೆಯಿಂದ) ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಆಟ ಕಡಿಮೆ ಮಾಡುವುದು ಸರಿ, ಪೂರ್ತಿ ನಿಲ್ಲಿಸುವುದು ಬೇಡ. ಎರಡು ದಿನಕ್ಕೊಮ್ಮೆ ಕೆಳಗಿನ ಅಂಗಳದಲ್ಲಿ ಅರ್ಧ ತಾಸು ಚರ್ಮದ ಚೆಂಡಿನ ಕ್ಯಾಚ್ ಹಿಡಿದರೂ ಕೈಗೆ ಚೆಂಡಿನ ಪರಿಚಯ ಉಳಿಯುತ್ತದೆ, ಓದಿಗೂ ತಲೆ ಹಗುರಾಗುತ್ತದೆ.

ಕೊನೆಯ ಪತ್ರಿಕೆ ಬರೆದ ಮರುದಿನವೇ ನೆಟ್ಸ್‌ಗೆ ಓಡಿ ತಂಡದ ವೇಗಿಯ ಎದುರು ನಿಲ್ಲುವುದು ಪ್ರತಿ ಮಾರ್ಚ್‌ನಲ್ಲೂ ಕಾಣುವ ತಪ್ಪು. ಬಿಟ್ಟು ಬಂದ ಮೆಟ್ಟಿಲು ಒಂಬತ್ತಾದರೆ ಮರಳಿ ಶುರು ಮಾಡುವುದು ಎರಡರಿಂದ. ಈ ಸಲ ಬೇಗ ಏರುತ್ತಾರೆ, ಕೆಲವರಿಗೆ ಒಂದು ವಾರ ಸಾಕು. ಶುರು ಮಾಡುವ ಮುನ್ನ ಹೆಲ್ಮೆಟ್ಟು, ಪ್ಯಾಡು ಮತ್ತೆ ಅಳೆದು ನೋಡಿ. ಈ ವಯಸ್ಸಿನಲ್ಲಿ ನಾಲ್ಕು ತಿಂಗಳಲ್ಲಿ ಮಂಡಿ ಪ್ಯಾಡಿನ ಉಬ್ಬು ದಾಟಿ ಮೇಲೆ ಹೋಗಿರುತ್ತದೆ.